ಮೊಣಕೈವರೆಗೆ ಬಂದ ಗಂಟು

ಮೊದಲನೆಯ ಗಂಟು ಕಾಣಿಸಿಕೊಂಡಿದ್ದು ನನ್ನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ, ಫೆಬ್ರವರಿ ಕೊನೆಯ ವಾರ. ಕಡಲೆಕಾಳಿನಷ್ಟಿತ್ತು, ಕೆಂಪಗೆ, ಹೊಳಪಾಗಿ. ನೋವಿರಲಿಲ್ಲ. ಯಂಗ್ಸ್‌ಟೌನಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಕ್ಷೌರ ಮಾಡಿಕೊಂಡು ಬಂದವನು ನಾನು. ಕತ್ತರಿ ತಿಕ್ಕಿ ತಿಕ್ಕಿ ಬೆರಳು ಜಡ್ಡುಗಟ್ಟುವುದು ನನಗೆ ಹೊಸದಲ್ಲ. ಒಂದು ಪಟ್ಟಿ ಸುತ್ತಿ ಸುಮ್ಮನಾದೆ.

ಕ್ಷೌರದಂಗಡಿಯಲ್ಲಿ ಪಟ್ಟಿ ಸುತ್ತಿದ ಬೆರಳನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

“ಏನೋ ಎಮಿಲ್, ಹೆಂಡ್ತಿ ಕಚ್ಚಿದ್ಲಾ?” ಎಂದು ನನ್ನ ಕುರ್ಚಿಯಲ್ಲಿ ಕೂತಿದ್ದ ಮುದುಕ ಕೇಳಿದ.

ಪಕ್ಕದ ಕುರ್ಚಿಯ ಕಾರ್ಮೈನ್ ತನ್ನ ಗಿರಾಕಿಯ ತಲೆಯಿಂದ ಕಣ್ಣು ಎತ್ತದೆ, “ಪಾಲೆಟ್ ಕಚ್ಚಿದ್ರೆ ಬೆರಳು ಉಳೀತಿತ್ತಾ? ಇದು ಅವನ ಮೀನಿನ ಕೆಲ್ಸ,” ಎಂದ. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನನ್ನ ಮೀನಿನ ಹುಚ್ಚು ಅಂಗಡಿಗೆ ಬರುವವರಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿಯಿದೆ. ಅದರಲ್ಲಿರುವುದು ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳು. ನೋಡಲು ಹೂವಿನ ಹಾಗೆ ಹಳದಿ, ನೀಲಿ, ಕಿತ್ತಳೆ, ಬುದ್ಧಿಯಲ್ಲಿ ರೌಡಿಗಳು. ಮೊದಲನೆಯ ವರ್ಷ ಏನೂ ತಿಳಿಯದೆ ನಾಲ್ಕು ಸಿಕ್ಲಿಡ್‌ಗಳ ಜೊತೆ ಎರಡು ಉದ್ದ ರೆಕ್ಕೆಯ ಸಾಧು ಮೀನುಗಳನ್ನು ಬಿಟ್ಟಿದ್ದೆ. ಮಾರನೆಯ ದಿನ ಅವುಗಳ ರೆಕ್ಕೆಯ ಜಾಗದಲ್ಲಿ ಚಿಂದಿಯಿತ್ತು. ಆಗ ನನ್ನನ್ನು ತರಾಟೆಗೆ ತೆಗೆದುಕೊಂಡವಳು ಮೀನಿನ ಕ್ಲಬ್ಬಿನ ಬರ್ನಾಡೀನ್ ಕೋವಲ್. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಈಗ ಎಪ್ಪತ್ತೆಂಟು. ಅವಳ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತೊಟ್ಟಿಗಳಿವೆ.

“ಸಾಧುಗಳನ್ನ ತಂದು ಪುಂಡರ ಮಧ್ಯೆ ಬಿಟ್ಟಿದ್ದೀಯಲ್ಲೋ, ಮನುಷ್ಯನಾ ನೀನು? ಇವಕ್ಕೆ ಇವುಗಳಂಥವೇ ಜೊತೆ ಬೇಕು. ಅವಿತ್ಕೊಳ್ಳೋಕೆ ಕಲ್ಲಿನ ಸಂದಿ ಬೇಕು. ನಾಲ್ಕೇ ಇದ್ರೆ ಒಂದನ್ನ ಹಿಡಿದು ಸಾಯೋ ತನಕ ಬಡೀತವೆ. ಇಪ್ಪತ್ತೈದಿದ್ರೆ ಏಟು ಹಂಚಿ ಹೋಗುತ್ತೆ, ಯಾರೂ ಸಾಯಲ್ಲ,” ಎಂದಿದ್ದಳು.

ಹನ್ನೊಂದು ವರ್ಷ ಅವಳು ಹೇಳಿದ ಹಾಗೆಯೇ ನಡೆದುಕೊಂಡೆ. ತೊಟ್ಟಿಯನ್ನು ಆಳುತ್ತಿದ್ದ ದೊಡ್ಡ ನೀಲಿ ಗಂಡಿಗೆ ಪಾಲೆಟ್ ‘ಮೇಯರ್’ ಎಂದು ಹೆಸರಿಟ್ಟಿದ್ದಳು. ಆ ಜನವರಿಯಲ್ಲಷ್ಟೆ, ಬರ್ನಾಡೀನ್ ಒಪ್ಪಿದ ಮೇಲೆ, ಕ್ಲಬ್ಬಿನ ಹರಾಜಿನಿಂದ ಮೂರು ಕೋಗಿಲೆ ಕ್ಯಾಟ್‌ಫಿಶ್‌ಗಳನ್ನು ತಂದಿದ್ದೆ. ಮೈತುಂಬ ಕಪ್ಪು ಚುಕ್ಕೆ, ಮೀಸೆ. ತಮ್ಮ ಮೊಟ್ಟೆಯನ್ನು, ಬಾಯಲ್ಲೇ ಮೊಟ್ಟೆ ಕಾಯುವ ಸಿಕ್ಲಿಡ್ ತಾಯಿಯ ಬಾಯಿಗೆ ಸೇರಿಸಿ ಸಾಕಿಸಿಕೊಳ್ಳುವುದರಿಂದ ಆ ಹೆಸರು. ಮೇಯರ್‌ನ ಹೊಡೆತಕ್ಕೆ ಅವು ಜಗ್ಗುವುದಿಲ್ಲ.

ಹತ್ತು ದಿನವಾದರೂ ಗಂಟು ಇಳಿಯಲಿಲ್ಲ. ಬೆಳಿಗ್ಗೆ ಬೆರಳು ಮಡಚಬೇಕಾದರೆ ಬಿಸಿನೀರಿನಲ್ಲಿ ಅದ್ದಬೇಕಾಯಿತು. ಕ್ಲಿನಿಕ್ಕಿನಲ್ಲಿ ಯೂರಿಕ್ ಆಸಿಡ್ ಇರಬೇಕು ಎಂದು ಮಾತ್ರೆ ಕೊಟ್ಟರು. ಅದು ನಾಟದಿದ್ದಾಗ ಕೈಯ ತಜ್ಞರ ಬಳಿ ಕಳಿಸಿದರು. ಅವರು ಗೆಣ್ಣನ್ನು ಒತ್ತಿ ನೋಡಿ, ಇಷ್ಟು ವರ್ಷ ಕತ್ತರಿ ಆಡಿಸಿದ ಕೈಗೆ ಬಾವು ಬರುವುದು ಸಹಜ ಎಂದು ಅಲ್ಲೇ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಚುಚ್ಚಿದರು. ಎರಡು ದಿನ ಆರಾಮವಾಯಿತು. ಆಮೇಲೆ ಗಂಟು ಗೋಲಿಯಷ್ಟಾಗಿ, ತುದಿ ಒಡೆದು ನೀರು ಜಿನುಗತೊಡಗಿತು. ಮಾರ್ಚ್ ಮೂರನೆಯ ವಾರ ಅಂಗೈಯ ಹಿಂಬದಿಯಲ್ಲಿ ಎರಡನೆಯದು ಎದ್ದಿತು. ಒಂಬತ್ತು ದಿನ ಬಿಟ್ಟು ಮಣಿಕಟ್ಟಿನ ಮೇಲೆ ಮೂರನೆಯದು.

ಮೂರೂ ಒಂದೇ ಸಾಲಿನಲ್ಲಿದ್ದವು, ಒಂದರ ಮೇಲೊಂದು ಮೆಟ್ಟಿಲು ಹತ್ತಿದ ಹಾಗೆ. ಅದನ್ನು ಕಂಡ ದಿನ ಪಾಲೆಟ್‌ಗೆ ಕಾಣದಂತೆ ಕೈ ಮುಚ್ಚಿಕೊಂಡೆ.

ಏಕೆಂದರೆ ನಾನು ಇಂಥದೇ ಒಂದು ಗಂಟನ್ನು ಮುಟ್ಟಿದ್ದೆ. ಏಳು ವರ್ಷದ ಹಿಂದೆ, ಒಂದು ಶನಿವಾರ, ನನ್ನಣ್ಣ ಆಂದ್ರೇ ಗಡ್ಡ ತೆಗೆಸಿಕೊಳ್ಳಲು ಬಂದಿದ್ದ. ನೊರೆ ಹಚ್ಚುವಾಗ ಅವನ ದವಡೆಯ ಕೆಳಗೆ ನನ್ನ ಬೆರಳಿಗೆ ಸಿಕ್ಕಿತು. “ಇದೇನು ಆಂದ್ರೇ?” ಎಂದೆ. “ಏನಿಲ್ಲ ಬಿಡೋ, ನೆಗಡಿ ಆದಾಗ ಬರುತ್ತೆ,” ಎಂದ. ನಾನೂ ಬಿಟ್ಟೆ. ಕ್ರಿಸ್ಮಸ್ಸಿನ ಹೊತ್ತಿಗೆ ಅವನು ಮಣ್ಣಿನಡಿ ಇದ್ದ. ಕೊನೆಯ ಐದು ವಾರ ಅವನ ಮಂಚದ ಪಕ್ಕ ಕೂತು ನೋಡಿಕೊಂಡವಳು ಪಾಲೆಟ್. ಆಗ ಅವಳ ಮುಖದಲ್ಲಿ ಕಂಡದ್ದನ್ನು ಇನ್ನೊಮ್ಮೆ ಕಾಣುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ಸುಳ್ಳು ಹೇಳಿದೆ. ಅಂಗಡಿಯಲ್ಲಿ ಬಿಸಿ ಟವೆಲಿನ ಹಬೆ ತಾಗಿ ಸುಟ್ಟಿತು ಎಂದೆ. ಮುಲಾಮು ಹಚ್ಚಿದ್ದೇನೆಂದು ಮನೆಯಲ್ಲೂ ಬಟ್ಟೆಯ ಕೈಗವಸು ಹಾಕಿಕೊಂಡೆ, ಉದ್ದ ತೋಳಿನ ಅಂಗಿ ಬಿಟ್ಟು ಬೇರೆ ತೊಡಲಿಲ್ಲ. ಪ್ರತಿ ಬೆಳಿಗ್ಗೆ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿ, ಪ್ರತಿಯೊಂದು ಗಂಟಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. ಮರುದಿನ ಗಂಟು ಗೆರೆ ದಾಟಿದೆಯೋ ಎಂದು ನೋಡುತ್ತಿದ್ದೆ. ದಾಟಿರುತ್ತಿತ್ತು. ಅಳಿಸಿ ಹೊಸ ಗೆರೆ ಎಳೆಯುತ್ತಿದ್ದೆ. ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡು ಹೋಗಿ ಅವಳ ಎದುರು ಕೂತು ಮೊಟ್ಟೆ ತಿನ್ನುತ್ತಿದ್ದೆ.

“ಸುಟ್ಟಿದ್ದು ಇನ್ನೂ ವಾಸಿಯಾಗ್ಲಿಲ್ವಾ?”

“ಆಗ್ತಿದೆ.”

“ತೋರ್ಸು.”

“ಪಟ್ಟಿ ಬಿಚ್ಚಿದ್ರೆ ಅಂಟಿಕೊಂಡು ಬರುತ್ತೆ ಕಣೇ. ಬಿಡು.”

ಏಪ್ರಿಲ್ ಮೊದಲ ವಾರ ಒಬ್ಬ ಗಿರಾಕಿಯ ಕತ್ತಿನ ಹಿಂದೆ ಅಂಚು ಕೂರಿಸುವಾಗ ನನ್ನ ನಡುಬೆರಳು ಮಡಚಲಿಲ್ಲ. ಕ್ಷೌರದ ಕತ್ತಿ ಜಾರಿತು. ಸಣ್ಣ ಗಾಯವೇ, ಆದರೆ ಬಿಳಿ ಬಟ್ಟೆಯ ಮೇಲೆ ರಕ್ತ ಇಳಿಯಿತು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಹೀಗಾಗಿರಲಿಲ್ಲ. ಕಾರ್ಮೈನ್ ಬಂದು ಆ ಗಿರಾಕಿಯ ಕೆಲಸ ಮುಗಿಸಿ, ಆಮೇಲೆ ನನ್ನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದ.

“ಗ್ಲೌಸ್ ತೆಗಿ.”

“ಏನಿಲ್ಲ ಕಾರ್ಮೈನ್—”

“ತೆಗಿ ಅಂದ್ನಲ್ಲ!”

ತೆಗೆದೆ. ಬಾಯಿಬಡುಕ ಕಾರ್ಮೈನ್ ಕೋಣೆಯ ಬಾಗಿಲು ಮುಚ್ಚಿದ. ಆಮೇಲೆ ಮೆಲ್ಲಗೆ, “ಪಾಲೆಟ್‌ಗೆ ಗೊತ್ತಾ?” ಎಂದ.

“ಹೇಳಿದ್ರೆ ನಿನ್ನ ನಾಲಿಗೆ ಕತ್ತರಿಸ್ತೀನಿ.”

“ಕತ್ತರ್ಸು, ಆ ಕೈಯಲ್ಲಿ ಕತ್ತರಿಸೋಕಾದ್ರೆ ಕತ್ತರ್ಸು,” ಎಂದ. ತಮಾಷೆ ಮಾಡಲು ಹೊರಟವನ ಕಣ್ಣು ತುಂಬಿಕೊಂಡಿತ್ತು. ಅದು ನನ್ನನ್ನು ಗಂಟಿಗಿಂತ ಹೆಚ್ಚು ಹೆದರಿಸಿತು.

ಕೈಯ ತಜ್ಞರು ಈ ಸಲ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಕರೆದು, “ಕ್ಯಾನ್ಸರ್ ಅಂತ ಕಾಣ್ತಿಲ್ಲ. ಆದ್ರೆ ಏನು ಅಂತಾನೂ ಹೇಳೋಕಾಗ್ತಿಲ್ಲ, ಕ್ರಿಮಿ ಏನೂ ಬೆಳೀಲಿಲ್ಲ,” ಎಂದರು. “ಇನ್ನೂ ಹಬ್ಬುತ್ತಾ ಹೋದ್ರೆ ಕೈ ಬಿಚ್ಚಿ ನೋಡ್ಬೇಕಾಗ್ಬಹುದು.”

“ಬಿಚ್ಚಿ ಅಂದ್ರೆ, ಡಾಕ್ಟ್ರೇ?”

ಅವರು ಪೆನ್ನಿನಿಂದ ತಮ್ಮದೇ ಕೈಯ ಮೇಲೆ ಗೆಣ್ಣಿನಿಂದ ಮೊಣಕೈವರೆಗೆ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿದರು. ನನ್ನ ಕಿವಿಯಲ್ಲಿ ಉಳಿದದ್ದು ‘ಕಾಣ್ತಿಲ್ಲ’ ಎಂಬ ಒಂದೇ ಮಾತು. ಆಂದ್ರೇಗೂ ಮೊದಮೊದಲು ಹಾಗೇ ಅಂದಿದ್ದರು. ಆ ವಾರವೇ ಮೊಣಕೈಯ ಒಳಮಡಿಕೆಯಲ್ಲಿ ನಾಲ್ಕನೆಯ ಗಂಟು ಕೈಗೆ ಸಿಕ್ಕಿತು. ಇನ್ನು ಮೇಲೆ ಕಂಕುಳು, ಆಮೇಲೆ ಎದೆ ಎಂದು ಲೆಕ್ಕ ಹಾಕಿದೆ.

ಸಾಯುವ ಮುಂಚೆ ಜನ ಉಯಿಲು ಬರೆಯುತ್ತಾರೆ. ನನಗೆ ಬಂದದ್ದು ಮೀನುಗಳ ಯೋಚನೆ. ವಾರಕ್ಕೊಮ್ಮೆ ಬಕೆಟ್ ಬಕೆಟ್ ನೀರು ಹೊತ್ತು ಬದಲಾಯಿಸುವುದು ಸೊಂಟನೋವಿನ ಪಾಲೆಟ್‌ಗೆ ಆಗದ ಕೆಲಸ. ಸಿಕ್ಕಿದವರಿಗೆ ಕೊಟ್ಟರೆ ಬೇರೆ ಜಾತಿಯ ಮೀನಿನ ಜೊತೆ ಹಾಕಿ ಕೊಲ್ಲಿಸುತ್ತಾರೆ. ಬರ್ನಾಡೀನ್‌ಗೆ ಫೋನ್ ಮಾಡಿ, ಮೀನು ಸಾಕುವುದನ್ನು ಬಿಡುತ್ತಿದ್ದೇನೆ, ಬಂದು ನೋಡಿ ಎಂದೆ. ಶುಕ್ರವಾರ ಮಧ್ಯಾಹ್ನ ಬರಲು ಹೇಳಿದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಪಾಲೆಟ್ ಚರ್ಚಿನ ನೆಲಮಾಳಿಗೆಯಲ್ಲಿ ಬೇರೆ ಹೆಂಗಸರ ಜೊತೆ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಮಡಚುತ್ತಿರುತ್ತಾಳೆ. ಮೂರು ಗಂಟೆಯವರೆಗೆ ಬರುವುದಿಲ್ಲ.

ಬರ್ನಾಡೀನ್ ಕೋಟನ್ನೂ ಬಿಚ್ಚದೆ ತೊಟ್ಟಿಯ ಮುಂದೆ ನಿಂತಳು.

“ಹಳದಿಯವನ್ನ ತಗೋತೀನಿ. ಕ್ಯಾಟ್‌ಫಿಶ್‌ನೂ ತಗೋತೀನಿ. ಈ ನೀಲಿ ದೊರೆ ಬೇಡಪ್ಪ. ಇವನನ್ನ ನನ್ನ ತೊಟ್ಟಿಗೆ ಬಿಟ್ರೆ ಸಂಜೆಯೊಳಗೆ ಯುದ್ಧ. ಅಲ್ಲೋ, ಹನ್ನೊಂದು ವರ್ಷ ಸಾಕಿ ಈಗ್ಯಾಕೆ ಬಿಡ್ತಿದ್ದೀಯ?”

“ವಯಸ್ಸಾಯ್ತು ಬರ್ನಾಡೀನ್.”

“ನಿನಗೆ ಅರವತ್ತೊಂದು. ನನ್ನೆದುರು ವಯಸ್ಸಿನ ಮಾತಾಡ್ಬೇಡ.”

ಕಲ್ಲುಗಳನ್ನು ಎತ್ತದೆ ಸಿಕ್ಲಿಡ್ ಹಿಡಿಯಲಾಗುವುದಿಲ್ಲ. ಕೈಗವಸು ತೆಗೆದು ಅಂಗಿಯ ತೋಳನ್ನು ಭುಜದವರೆಗೆ ಮಡಚಿದೆ. ನನ್ನ ಕೈ ನೀರಿನಿಂದ ಒಂದು ಗೇಣು ಮೇಲಿರುವಾಗಲೇ ಬರ್ನಾಡೀನ್ ಅದನ್ನು ಹಿಡಿದು ಹಿಂದಕ್ಕೆ ಎಳೆದಳು. ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಗಂಟುಗಳನ್ನು ಒಂದೊಂದಾಗಿ ನೋಡಿದಳು.

“ಎಷ್ಟು ದಿನದಿಂದ?”

“ಎರಡು ತಿಂಗ್ಳು.”

“ಡಾಕ್ಟರ್ ಏನಂದ್ರು?”

“ಏನು ಅಂತ ಗೊತ್ತಿಲ್ವಂತೆ. ಬರ್ನಾಡೀನ್, ನನ್ನಣ್ಣನಿಗೂ ಹೀಗೇ—”

“ಅಣ್ಣನ ಮಾತು ಆಮೇಲೆ. ನೀನು ಮೀನು ಸಾಕ್ತೀಯ ಅಂತ ಡಾಕ್ಟರ್‌ಗೆ ಹೇಳಿದ್ದೀಯ?”

“ಅದ್ಯಾಕೆ ಹೇಳ್ಲಿ? ಅವ್ರು ಕೇಳಿದ್ದು ಕೆಲಸ ಏನು ಅಂತ. ಕ್ಷೌರ ಅಂದೆ.”

“ಅಯ್ಯೋ ಪೆದ್ದ!” ಎಂದು ಅವಳು ತನ್ನ ಎಡಗಾಲಿನ ಕಾಲ್ಚೀಲ ಕೆಳಗೆ ಸರಿಸಿದಳು. ಕಾಲಿನ ಹರಡಿನಿಂದ ಮೊಣಕಾಲಿನ ಕಡೆಗೆ ಮೂರು ಗಾಯದ ಗುರುತು, ಹಳೆಯ ನಾಣ್ಯದ ಬಣ್ಣದವು, ಒಂದರ ಮೇಲೊಂದು. “ಒಡೆದ ತೊಟ್ಟಿಯ ಗಾಜು ತಾಗಿತ್ತು. ಇಪ್ಪತ್ತಾರು ವರ್ಷ ಆಯ್ತು. ನನಗೂ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕಾಲು ತೆಗೀಬೇಕು ಅನ್ನೋವರೆಗೆ ಹೋಗಿತ್ತು. ಮೀನಿನ ನೀರಲ್ಲಿರೋ ಕ್ರಿಮಿ ಕಣೋ ಅದು. ನಿನಗೇನು ಚುಚ್ಚಿತು, ನೆನಪು ಮಾಡ್ಕೋ.”

ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ಜನವರಿಯಲ್ಲಿ ಚೀಲದಿಂದ ಬಿಡುವಾಗ ಒಂದು ಕ್ಯಾಟ್‌ಫಿಶ್‌ನ ರೆಕ್ಕೆಮುಳ್ಳು ಬಲೆಗೆ ಸಿಕ್ಕಿಕೊಂಡಿತ್ತು. ಬಿಡಿಸುವಾಗ ಗೆಣ್ಣಿಗೆ ಚುಚ್ಚಿ ಒಂದು ಹನಿ ರಕ್ತ ಬಂದಿತ್ತು. ಬೆರಳು ಬಾಯಿಗಿಟ್ಟುಕೊಂಡು ಮರೆತಿದ್ದೆ.

ಸೋಫಾದ ಮೇಲೆ ಕೂತೆ. “ಹಾಗಾದ್ರೆ ಇದು ಅದೇನಾ?”

“ನಾನು ಬಸ್ ಡ್ರೈವರ್. ಡಾಕ್ಟರ್ ಅಲ್ಲ. ಅದೇ ಇರ್ಬಹುದು, ಇಲ್ದೇನೂ ಇರ್ಬಹುದು. ಆದ್ರೆ ಇವತ್ತೇ ಫೋನ್ ಮಾಡ್ತೀಯ, ನನ್ನೆದುರೇ ಮಾಡ್ತೀಯ,” ಎಂದು ಒಂದು ಚೀಟಿಯಲ್ಲಿ ಆ ಕ್ರಿಮಿಯ ಹೆಸರು ಬರೆದಳು.

ಆಗ ಹಿಂಬಾಗಿಲು ತೆರೆದ ಸದ್ದಾಯಿತು. ಚರ್ಚಿನಲ್ಲಿ ಹಿಟ್ಟು ಬೇಗ ಮುಗಿದಿತ್ತಂತೆ. ಪಾಲೆಟ್ ಪಿರೋಹಿಯ ತಟ್ಟೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ತೋಳು ಭುಜದವರೆಗೆ ಬರಿದಾಗಿತ್ತು. ಮಧ್ಯಾಹ್ನದ ಬೆಳಕಿನಲ್ಲಿ ನಾಲ್ಕೂ ಗಂಟು, ನಾಲ್ಕರ ಸುತ್ತಲೂ ನೀಲಿ ಗೆರೆ.

ಅವಳು ಕಿರುಚಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಹಿಟ್ಟು ಮೆತ್ತಿದ ಕೈಯಿಂದ ಮೊಣಕೈಯ ಒಳಗಿನ ಗಂಟನ್ನು ಮುಟ್ಟಿದಳು.

“ಸುಟ್ಟಿದ್ದು ಅಂದಿದ್ದೆ ನೀನು.”

“ಪಾಲೆಟ್...”

“ದಿನಾ ನನ್ನೆದುರು ಕೂತು ಮೊಟ್ಟೆ ತಿಂತಿದ್ದೆ. ದಿನಾ ನಾನು ಕೇಳ್ದೆ.” ಅವಳ ದನಿ ಒಡೆಯಿತು. “ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನನ್ನನ್ನ ಬಿಟ್ಟು ಹೋಗೋಕೆ ತಯಾರಿ ಮಾಡ್ತಿದ್ದೀಯ ಅಂತ. ಯಾವಳೋ ಇದ್ದಾಳೆ ಅಂತ. ಹಾಗೇ ಆಗಿರ್ಲಿ ಅಂತ ಚರ್ಚಲ್ಲಿ ಬೇಡ್ಕೊಂಡೆ ಕಣೋ, ಆಂದ್ರೇದು ಆಗಿರೋದು ಬೇಡ, ಬೇರೆ ಹೆಂಗಸಾದ್ರೂ ಆಗಿರ್ಲಿ ಅಂತ!”

ಬರ್ನಾಡೀನ್ ಫೋನನ್ನು ನನ್ನ ತೊಡೆಯ ಮೇಲೆ ಹಾಕಿದಳು. “ಜಗಳ ಆಮೇಲೆ ಆಡಿ. ಮೊದ್ಲು ಫೋನು.”

ಸೋಮವಾರ ನಾವಿಬ್ಬರೂ ಸೋಂಕುರೋಗದ ಡಾಕ್ಟರ ಮುಂದೆ ಕೂತಿದ್ದೆವು. ಡಾಕ್ಟರ್ ವೆಂಟ್ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಚೀಟಿ ಓದಿ, ಕೈ ನೋಡಿ, ಸೀದಾ ವಿಷಯಕ್ಕೆ ಬಂದರು. “ಇದು ಕ್ಷಯದ ಕ್ರಿಮಿಯ ದಾಯಾದಿ. ಹೆದರ್ಬೇಡಿ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಇದಕ್ಕೆ ತಂಪು ಇಷ್ಟ. ಅದಕ್ಕೇ ಕೈಯಲ್ಲಿ ಕೂರುತ್ತೆ. ಲ್ಯಾಬಿನವರು ಮೈಯ ಬಿಸಿಯಲ್ಲಿಟ್ಟು ಬೆಳೆಸೋಕೆ ನೋಡಿದ್ದಾರೆ, ಬೆಳೆದಿಲ್ಲ. ಮೀನಿನ ವಿಷಯ ಅವರಿಗೆ ಗೊತ್ತಿದ್ದಿದ್ರೆ ತಂಪಲ್ಲಿಡ್ತಿದ್ರು. ಇನ್ನೊಂದು ಚೂರು ತೆಗೀತೀನಿ. ಬೆಳೆಯೋಕೆ ವಾರಗಟ್ಟಲೆ ಬೇಕು. ಅಲ್ಲೀವರೆಗೆ ಕಾಯೋದು ಬೇಡ, ಮಾತ್ರೆ ಇವತ್ತಿಂದ್ಲೇ.”

“ಅದೇ ಅಂತ ಖಂಡಿತಾನಾ?” ಪಾಲೆಟ್ ಕೇಳಿದಳು.

“ಕ್ರಿಮಿ ಬೆಳೆದ ದಿನ ಖಂಡಿತ ಅಂತೀನಿ.”

ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ರೋಗಕ್ಕೆ ಹೆಸರು ಸಿಕ್ಕ ಮೇಲೆ ಆ ಹೆಸರೇ ಸುಳ್ಳಾದೀತು ಎಂಬ ಹೊಸ ಹೆದರಿಕೆ ಸೇರಿಕೊಂಡಿತು. ಎರಡನೆಯ ದಿನವೇ ಪಾಲೆಟ್ ಬಚ್ಚಲಿನಿಂದ, “ಎಮಿಲ್, ರಕ್ತ!” ಎಂದು ಕೂಗಿಕೊಂಡಳು. ಈ ಮಾತ್ರೆ ತಿಂದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡೇ ಇರಲಿಲ್ಲ. ಎರಡು ವಾರ ಕಳೆದರೂ ಗಂಟುಗಳು ಇಳಿಯಲಿಲ್ಲ. ಮೂರನೆಯ ವಾರ ಮೊಣಕೈಯದು ಕೆಂಪಾಗಿ ಒಡೆಯಿತು. ಆ ದಿನ ಪಾಲೆಟ್ ಗಾಯ ತೊಳೆಯುತ್ತಿದ್ದಾಗ, “ಬರ್ನಾಡೀನ್ ತಪ್ಪು ಹೇಳಿದ್ರೆ?” ಎಂದೆ. ಹತ್ತಿ ಹಿಡಿದ ಅವಳ ಬೆರಳು ಒಂದು ಕ್ಷಣ ನಿಂತು, ಮತ್ತೆ ಒರೆಸತೊಡಗಿತು.

ಈಗ ಗೆರೆ ಎಳೆಯುವ ಕೆಲಸ ಅವಳದಾಗಿತ್ತು. ಬೆಳಕು ಚೆನ್ನಾಗಿರುತ್ತದೆಂದು ಅಡುಗೆಮನೆಯ ಕಿಟಕಿಯ ಹತ್ತಿರ ಕೂರಿಸಿಕೊಂಡು ಎಳೆಯುತ್ತಿದ್ದಳು. ನಾನು ಎಳೆಯುವುದಕ್ಕಿಂತ ನೇರವಾಗಿ.

ಇಪ್ಪತ್ತೆರಡನೆಯ ದಿನ, ಊಟದ ಹೊತ್ತಿಗೆ ಫೋನ್ ಬಂತು. ಡಾಕ್ಟರ್ ವೆಂಟ್ ಅವರೇ. “ಬೆಳೀತು ಎಮಿಲ್. ಅದೇ.”

ನಾನು ಮಹಡಿ ಮೆಟ್ಟಿಲ ಮೇಲೆ ಕುಸಿದು ಕೂತೆ. ಪಾಲೆಟ್ ನನ್ನ ಮುಖ ನೋಡಿ ಕೆಟ್ಟ ಸುದ್ದಿ ಎಂದುಕೊಂಡು ಗೋಡೆ ಹಿಡಿದಳು. “ಕ್ರಿಮಿ ಇದ್ಯಂತೆ ಕಣೇ,” ಎಂದೆ. ಅವಳು ನೆಲದ ಮೇಲೆಯೇ ಕೂತು ಜೋರಾಗಿ ಅತ್ತಳು. ಮೈಯಲ್ಲಿ ಕ್ರಿಮಿ ಇದೆ ಎಂದು ಗಂಡಹೆಂಡತಿ ಇಬ್ಬರೂ ಅಷ್ಟು ಸಂತೋಷಪಟ್ಟದ್ದನ್ನು ಬೇರೆ ಯಾರಾದರೂ ಕಂಡಿದ್ದರೆ ಹುಚ್ಚು ಎನ್ನುತ್ತಿದ್ದರು.

ಜೂನ್ ಕೊನೆಗೆ ಮೊಣಕೈಯ ಗಂಟು ಒಣಗಿತು. ಆಮೇಲೆ ಮಣಿಕಟ್ಟಿನದು. ಗಾಯ ಮುಚ್ಚುವವರೆಗೆ ಅಂಗಡಿಗೆ ಹೋಗಲಿಲ್ಲ. ಕಾರ್ಮೈನ್ ನನ್ನ ಗಿರಾಕಿಗಳನ್ನೂ ತಾನೇ ನೋಡಿಕೊಂಡು, “ನಿನಗಿಂತ ಚೆನ್ನಾಗಿ ಮಾಡ್ತೀನಂತೆ, ಎಲ್ರೂ ಹೇಳ್ತಾರೆ,” ಎಂದು ಫೋನಿನಲ್ಲಿ ಹಂಗಿಸುತ್ತಿದ್ದ. ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕ್ಷೌರದ ಕತ್ತಿಯ ಕೆಲಸ ಈಗ ಅವನದು. ನಾನು ಮಷಿನ್ನಿನಲ್ಲಿ ಕೂದಲು ಮಾತ್ರ ತೆಗೆಯುತ್ತೇನೆ.

ಮೀನುಗಳನ್ನು ಪಾಲೆಟ್ ಎಸೆಯುತ್ತಾಳೆ ಎಂದುಕೊಂಡಿದ್ದೆ. ಈ ಕ್ರಿಮಿ ಎಷ್ಟೋ ತೊಟ್ಟಿಗಳಲ್ಲಿರುತ್ತದೆ, ಗಾಯದ ಕೈ ಹಾಕಬಾರದು ಅಷ್ಟೆ ಎಂದು ಡಾಕ್ಟರು ಹೇಳಿದ್ದರು. ಅವಳು ಬರ್ನಾಡೀನ್‌ಳನ್ನು ಕರೆಸಿ ಒಂದು ಮಧ್ಯಾಹ್ನವೆಲ್ಲ ಕೂತು ಮಾತಾಡಿದಳು. ಆಮೇಲೆ ಭುಜದವರೆಗೆ ಬರುವ ರಬ್ಬರ್ ಕೈಗವಸೂ, ಬಕೆಟ್ ಹೊರುವುದು ತಪ್ಪಲಿ ಎಂದು ಒಂದು ಉದ್ದನೆಯ ಪೈಪೂ ಮನೆಗೆ ಬಂದವು. ಈಗ ತೊಟ್ಟಿಯೊಳಗೆ ಇಳಿಯುವುದು ಅವಳ ಕೈ. ಮೇಯರ್ ಅದರ ಮೇಲೆ ಏರಿ ಬರುತ್ತಾನೆ. “ಬಾರೋ, ಬಾ! ನಿಮ್ಮಪ್ಪನ್ನ ಹೆದರ್ಸಿದ್ದು ಸಾಲದು ನಿನಗೆ!” ಎಂದು ಬೈಯುತ್ತಾಳೆ. ನನಗೆ ತೊಟ್ಟಿಯಿಂದ ಮೂರಡಿ ದೂರದ ಕುರ್ಚಿ ಗೊತ್ತುಮಾಡಿದ್ದಾಳೆ.

ಅಕ್ಟೋಬರಿನಲ್ಲಿ ಮಾತ್ರೆ ನಿಲ್ಲಿಸಿದರು. “ಇನ್ನೊಂದು ತಿಂಗ್ಳು ತಗೊಂಡ್ರೆ ಆಗಲ್ವಾ ಡಾಕ್ಟ್ರೇ?” ಎಂದು ಬೇಡಿದೆ. ಅವರು ನಕ್ಕು, “ಕ್ರಿಮಿ ಹೋಗಿದೆ. ಹೆದರಿಕೆಗೆ ನನ್ನ ಹತ್ರ ಮಾತ್ರೆ ಇಲ್ಲ,” ಎಂದರು.

ನವೆಂಬರಿನ ಒಂದು ಬೆಳಿಗ್ಗೆ ಅಂಗಿ ತೊಡುವಾಗ ತೋಳಿನ ಒಳಬದಿಯಲ್ಲಿ, ಕಂಕುಳಿಗೆ ಹತ್ತಿರ, ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ಅಂಗಿ ಹಾಕದೆಯೇ ಅಡುಗೆಮನೆಗೆ ಹೋಗಿ, “ಪಾಲೆಟ್, ಇಲ್ಲಿ ಮುಟ್ಟಿ ನೋಡು,” ಎಂದೆ.

ಅವಳು ಮುಟ್ಟಿದಳು. ಒಲೆ ಆರಿಸಿದಳು. ಕೋಟು ಹಾಕಿಕೊಂಡಳು. ಸೀದಾ ಡಾಕ್ಟರ ಬಳಿ ಹೋದೆವು. ಡಾಕ್ಟರ್ ವೆಂಟ್ ಕನ್ನಡಕ ಏರಿಸಿ, ದೀಪ ಹತ್ತಿರ ಎಳೆದುಕೊಂಡು, ಚಿಮುಟ ಹಾಕಿ ಏನನ್ನೋ ಎಳೆದು ಬೆಳಕಿಗೆ ಹಿಡಿದರು.

“ಕೂದಲು. ಚರ್ಮದೊಳಗೇ ಸುರುಳಿ ಸುತ್ಕೊಂಡು ಬೆಳೆದಿದೆ.”

ಪಾರ್ಕಿಂಗ್ ಜಾಗಕ್ಕೆ ಬರುವವರೆಗೆ ಪಾಲೆಟ್ ತಡೆದುಕೊಂಡಳು. ಕಾರಿನ ಬಾಗಿಲು ಹಾಕಿದ ಮೇಲೆ ನಗು ಒಡೆಯಿತು. “ಕೂದಲು! ಜೀವಮಾನವೆಲ್ಲ ಊರವರ ಕೂದಲು ಕತ್ತರಿಸಿದೋನು!” ಎನ್ನುತ್ತ ನನ್ನ ಭುಜಕ್ಕೆ ಗುದ್ದಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನೂ ನಗಲು ನೋಡಿದೆ. ಬೀಗದಕೈ ಎರಡು ಸಲ ತೂರಿಸಿದರೂ ತೂತಿಗೆ ಸೇರಲಿಲ್ಲ. ಅವಳು ಅದನ್ನು ಕಂಡು ಇಳಿದು, ಸುತ್ತಿ ಬಂದು, ನನ್ನನ್ನು ಆ ಕಡೆಗೆ ಸರಿಸಿ ತಾನೇ ಕಾರು ಓಡಿಸಿದಳು.